ಎಕ್ಸ್‌ಚೇಂಜ್ ಕಾಕಾ ಮತ್ತು ಪ್ಯಾದಿ ಎಂಬ ಬೆಕ್ಕು

ಅವರ ಬಲಗೈಯ ತೋರುಬೆರಳಿನ ತುದಿ ಒಂದು ಬದಿಗೆ ಚಪ್ಪಟೆಯಾಗಿತ್ತು. ಉಗುರೂ ಅದೇ ಬದಿಗೆ ಸವೆದಿತ್ತು. ಇಪ್ಪತ್ತು ವರ್ಷ ಟೆಲಿಫೋನಿನ ಡಯಲ್ ತಿರುಗಿಸಿದ ಬೆರಳು ಅದು. ಎಡಗೈಯ ಮೇಲೆ ಮಣಿಕಟ್ಟಿನಿಂದ ಬೆರಳ ಗಂಟುಗಳವರೆಗೆ ಸಣ್ಣ ಸಣ್ಣ ಬಿಳಿಯ ಗೀರುಗಳಿದ್ದವು. ಅವುಗಳ ನಡುವೆ ಒಂದೆರಡು ಯಾವಾಗಲೂ ಹೊಸವು, ಇನ್ನೂ ಕೆಂಪಗಿರುವಂಥವು. "ಬಲಗೈ ಸರಕಾರದ್ದು, ಎಡಗೈ ಬೆಕ್ಕಿಂದು" ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಹೈದರಾಬಾದಿನ ಅಂಚಿನಲ್ಲಿದ್ದ ಕೇಂದ್ರ ಸರ್ಕಾರದ ಒಂದು ಕಾರ್ಖಾನೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಅವರು ಹಿರಿಯ ಆಪರೇಟರ್. ನಾಲ್ಕು ವರ್ಷದವರಿದ್ದಾಗ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಊರು ಯಾದಗಿರಿಯ ಹತ್ತಿರ. ನನ್ನ ಅಪ್ಪ ಅದೇ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದವರು, ರಾಯಚೂರಿನ ಕಡೆಯವರು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಗೂ ಕಾಕಾನ ಮನೆಗೂ ನಡುವೆ ಎರಡು ಬ್ಲಾಕು. ಅಪ್ಪ ಇದ್ದಕ್ಕಿದ್ದಂತೆ ತೀರಿಕೊಂಡಾಗ ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ಏಳು ತಿಂಗಳ ಮೇಲೆ ಅನುಕಂಪದ ಆಧಾರದಲ್ಲಿ ನನಗೆ ಕೆಲಸ ಕೊಟ್ಟರು. ಕಾಲೇಜು ಅಲ್ಲಿಗೇ ನಿಂತಿತು, ನಾನು ಕಾಕಾನ ಪಕ್ಕದ ಕುರ್ಚಿಯಲ್ಲಿ ಎರಡನೇ ಆಪರೇಟರಾಗಿ ಕೂತೆ.

ಮೊದಲ ತಿಂಗಳು ನಾನು ಯಾರ ಜೊತೆಯೂ ಮಾತಾಡಿದ್ದು ನೆನಪಿಲ್ಲ. ಎಕ್ಸ್‌ಚೇಂಜಿನ ಬೋರ್ಡಿನ ಮೇಲೆ ಫೋನಿಗೊಂದರಂತೆ ಸಾಲುಸಾಲಾಗಿ ಪುಟ್ಟ ಮುಚ್ಚಳಗಳಿದ್ದವು. ಯಾರಾದರೂ ಫೋನೆತ್ತಿದರೆ ಅವರ ಮುಚ್ಚಳ ಟಪ್ಪೆಂದು ಕೆಳಗೆ ಬೀಳುತ್ತಿತ್ತು. ಕಣ್ಣಿದ್ದ ನಾನು ಅದನ್ನು ಹುಡುಕುವಷ್ಟರಲ್ಲಿ ಕಾಕಾ ಬೆರಳಲ್ಲಿ ಸವರಿ, ಪ್ಲಗ್ಗು ಚುಚ್ಚಿ, "ನಂಬರ್ ಪ್ಲೀಸ್" ಅಂದಾಗಿರುತ್ತಿತ್ತು. ನಾನು ಫೌಂಡ್ರಿಗೆ ಕೊಡಬೇಕಾದ್ದನ್ನು ಕ್ಯಾಂಟೀನಿಗೆ, ಕ್ಯಾಂಟೀನಿಗೆ ಕೊಡಬೇಕಾದ್ದನ್ನು ಜನರಲ್ ಮ್ಯಾನೇಜರ ಕೋಣೆಗೆ ಜೋಡಿಸುತ್ತಿದ್ದೆ. ಬೈಸಿಕೊಳ್ಳುತ್ತಿದ್ದವರು ಕಾಕಾ. ಒಂದು ದಿನ ಡ್ಯೂಟಿ ಮುಗಿಯುವ ಹೊತ್ತಿಗೆ ಅವರು ಕಿವಿಯಿಂದ ಹೆಡ್‌ಫೋನು ತೆಗೆದು ನನ್ನ ಕಡೆ ಮುಖ ತಿರುಗಿಸಿದರು.

"ತಂಗಿ, ನಿನಗ ಚದುರಂಗ ಬರತೈತೇನು?"

"ಇಲ್ಲರಿ."

"ನಿಮ್ಮಪ್ಪ ಆಡ್ತಿದ್ದದ್ದು ನೋಡಿಲ್ಲ?"

ಅಪ್ಪ ಭಾನುವಾರ ಬೆಳಿಗ್ಗೆ ಎಲ್ಲಿಗೋ ಹೋಗಿ ಊಟದ ಹೊತ್ತಿಗೆ ಬರುತ್ತಿದ್ದರು. ಎಲ್ಲಿಗೆ ಎಂದು ನಾನು ಕೇಳಿರಲಿಲ್ಲ.

"ಅವರ ಹಲಗಿ ನಮ್ಮ ಮನ್ಯಾಗ ಐತಿ. ಅವರು ಹೋದ ಮ್ಯಾಲ ಭಾನುವಾರ ಭಾಳ ಉದ್ದ ಆಗ್ಯಾವ. ನಾಳಿ ಸಂಜೀಕ ಬಾ, ಕಲಿಸ್ತೀನಿ."

ಹೋದೆ. ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಒಳಗೆ ಎರಡು ಗೆಜ್ಜೆಗಳ ಸದ್ದು ಕೇಳಿತು, ಒಂದು ದಪ್ಪ ದನಿಯದು, ಒಂದು ಸಣ್ಣದು. ಕಾಕಾನ ಮನೆಯಲ್ಲಿ ಎರಡು ಬೆಕ್ಕುಗಳಿದ್ದವು. ದೊಡ್ಡದು ನವಾಬ, ಕಂದು ಬಣ್ಣದ ಮುದಿ ಗಂಡು, ಕೂತಲ್ಲಿಂದ ಏಳದ ಪ್ರಾಣಿ. ಸಣ್ಣದು ಪ್ಯಾದಿ, ಬೂದಿಬಣ್ಣಕ್ಕೆ ಕಪ್ಪು ಪಟ್ಟೆ. ಹೈದರಾಬಾದಿನ ಕಡೆ ಚದುರಂಗದ ಕಾಲಾಳಿಗೆ ಪ್ಯಾದಾ ಎನ್ನುತ್ತಾರೆ, ನಮ್ಮ ಬಾಯಲ್ಲಿ ಅದು ಪ್ಯಾದಿ. ಆ ಬೆಕ್ಕು ನೇರ ನಡೆದುಕೊಂಡು ಬಂದು ಓರೆಯಾಗಿ ಪಂಜ ಬೀಸುತ್ತದೆ, ಅದಕ್ಕೇ ಈ ಹೆಸರು ಎಂದು ಕಾಕಾ ವಿವರಿಸಿದರು. ಹಾಗೆ ವಿವರಿಸುವಾಗಲೇ ಅದು ನನ್ನ ದುಪಟ್ಟಾದ ಅಂಚಿಗೆ ಓರೆಯಾಗಿ ಒಂದು ಏಟು ಕೊಟ್ಟು ಹೋಯಿತು. ಕಾಕು, ಅಂದರೆ ಅವರ ಹೆಂಡತಿ, ಅಡುಗೆಮನೆಯಿಂದ "ಕಲಿಯೋ ಹುಡುಗೀನ ಹೊಡೀಬ್ಯಾಡ" ಎಂದು ಕೂಗಿದರು. ಬೆಕ್ಕಿಗೆ ಹೇಳಿದರೋ ಗಂಡನಿಗೆ ಹೇಳಿದರೋ ತಿಳಿಯಲಿಲ್ಲ.

ಮೇಜಿನ ಮೇಲೆ ಎರಡು ಹಲಗೆಗಳಿದ್ದವು. ಒಂದು ಅಪ್ಪನದು, ಎಲ್ಲರ ಮನೆಯಲ್ಲಿರುವಂಥದು. ಇನ್ನೊಂದು ಕಾಕಾನದು. ಅದರಲ್ಲಿ ಕಪ್ಪು ಮನೆಗಳು ಬಿಳಿಯವಕ್ಕಿಂತ ಒಂದೆಳ್ಳಿನಷ್ಟು ಎತ್ತರ. ಪ್ರತಿ ಮನೆಯ ನಡುವೆ ಒಂದು ತೂತು, ಪ್ರತಿ ಕಾಯಿಯ ಬುಡದಲ್ಲಿ ಒಂದು ಗೂಟ. ಕಪ್ಪು ಕಾಯಿಗಳ ತಲೆಯ ಮೇಲೆ ಸಣ್ಣ ಗುಂಡುಸೂಜಿಯ ತಲೆಯಂಥ ಗುರುತು. ನಾನು ನನ್ನ ಹಲಗೆಯ ಮೇಲೆ ಆಡಿ ಬಾಯಲ್ಲಿ ಹೇಳಬೇಕು, ಅವರು ಅದನ್ನು ತಮ್ಮ ಹಲಗೆಯಲ್ಲಿ ಚುಚ್ಚಿಕೊಳ್ಳಬೇಕು. ಅವರು ಆಡಿ ಹೇಳಿದ್ದನ್ನು ನಾನು ಇಲ್ಲಿ ಇಡಬೇಕು. ಹೀಗೆ ಒಂದೇ ಆಟ ಎರಡು ಕಡೆ ನಡೆಯುತ್ತಿತ್ತು.

ಕುರುಡರಿಗೆ ಬೆಕ್ಕು ಸಾಕುವುದು ಕಷ್ಟವಲ್ಲವೇ ಎಂದು ನಾನು ಒಮ್ಮೆ ಕೇಳಿದ್ದೆ. ನಾಯಿಯಾದರೆ ಹೆಜ್ಜೆ ಕೇಳುತ್ತದೆ, ಉಸಿರು ಕೇಳುತ್ತದೆ.

"ಅದಕ್ಕ ಬೆಕ್ಕು," ಎಂದರು ಕಾಕಾ. "ಈ ಜಗತ್ತಿನ್ಯಾಗ ನನ್ನ ಕಿವಿಗೆ ಮೋಸ ಮಾಡಬಲ್ಲ ಪ್ರಾಣಿ ಇದೊಂದೇ ನೋಡು. ಮರ್ಯಾದಿ ಕೊಡಬೇಕು. ಆದ್ರ ಕಾಲಿಗೆ ಸಿಕ್ಕು ಸಾಯಬಾರದಲ್ಲ, ಅದಕ್ಕ ಗೆಜ್ಜಿ."

ಆಡುವಾಗ ಅವರ ಎಡಗೈ ಯಾವಾಗಲೂ ತೊಡೆಯ ಮೇಲಿನ ಬೆಕ್ಕಿನ ಬೆನ್ನಿನ ಮೇಲೆ. ನಾನೇನಾದರೂ ಒಳ್ಳೆಯ ನಡೆ ಕಂಡು ಸದ್ದಿಲ್ಲದೆ ಮುಂದಕ್ಕೆ ಬಾಗಿದರೆ ಪ್ಯಾದಿ ಗುರುಗುಟ್ಟುವುದನ್ನು ನಿಲ್ಲಿಸಿ ತಲೆಯೆತ್ತುತ್ತಿತ್ತು. ಕಾಕಾ ತಕ್ಷಣ, "ಏನೋ ಕಂಡೈತಿ ನಿನಗ. ಕುದುರಿ ಕಡೆ ನೋಡಾಕತ್ತೀಯೇನು?" ಅನ್ನುತ್ತಿದ್ದರು. ಸರಿಯಾಗಿಯೇ ಇರುತ್ತಿತ್ತು. ಬೆಕ್ಕು ಅವರ ಗೂಢಚಾರ ಎಂದು ನಾನು ಜಗಳ ತೆಗೆಯುತ್ತಿದ್ದೆ.

ಹೊಡೆದ ಕಾಯಿಗಳನ್ನು ಮೇಜಿನ ಮೂಲೆಯಲ್ಲಿಟ್ಟರೆ ಪ್ಯಾದಿ ಒಂದೊಂದನ್ನೇ ಕೆಳಗೆ ತಳ್ಳುತ್ತಿತ್ತು. ಆದರೆ ಹಲಗೆಯ ಮೇಲಿನ ಕಾಯಿಗಳನ್ನು ಅದು ಎಂದೂ ಮುಟ್ಟಲಿಲ್ಲ. ಸತ್ತವು ಮಾತ್ರ ತನ್ನವು ಎಂದು ಅದಕ್ಕೆ ಯಾರು ಹೇಳಿಕೊಟ್ಟಿದ್ದರೋ. ನಡೆಗೆ ಅವಸರ ಮಾಡಿದರೆ ಕಾಕಾ ಕಿಟಕಿಯ ಕಡೆ ಗದ್ದ ತೋರಿಸುತ್ತಿದ್ದರು. ಅಲ್ಲಿ ನವಾಬ ಗುಬ್ಬಿಗಳನ್ನು ನೋಡುತ್ತ ಅರ್ಧ ಗಂಟೆಯಿಂದ ಅಲುಗಾಡದೆ ಕೂತಿರುತ್ತಿದ್ದ. "ಮೊದಲು ಹಂಗ ಕುಂದರೋದು ಕಲಿ. ಆಡೋದು ಆಮ್ಯಾಲ." ಬೇಗಂಪೇಟೆಗೆ ಇಳಿಯುವ ವಿಮಾನಗಳು ಕ್ವಾರ್ಟರ್ಸಿನ ತಲೆಯ ಮೇಲೇ ಹೋಗುತ್ತಿದ್ದವು. ಆ ಸದ್ದು ಮುಗಿಯುವವರೆಗೆ ಅವರು ಮಾತು ನಿಲ್ಲಿಸಿ, ಬೆರಳನ್ನು ಕಾಯಿಯ ಮೇಲೆ ಹಾಗೇ ಇಟ್ಟುಕೊಂಡಿರುತ್ತಿದ್ದರು. ಆ ಮೌನದಲ್ಲಿ ನನಗೆ ಎಷ್ಟೋ ತಿಂಗಳ ಮೇಲೆ ಮೊದಲ ಸಲ ಎದೆಯೊಳಗೆ ಸ್ವಲ್ಪ ಜಾಗ ಆದಂತೆ ಅನ್ನಿಸುತ್ತಿತ್ತು.

ಅವರ ಆಟದ ರೀತಿ ಹೇಳಲು ಒಂದು ಪ್ರಸಂಗ ಸಾಕು. ಪ್ಲಾನಿಂಗ್ ವಿಭಾಗದ ಒಬ್ಬ ತರುಣ ಎಂಜಿನಿಯರ್, ಗುಂಟೂರಿನವನು, ಕಾಕಾನ ಆಟದ ಸುದ್ದಿ ಕೇಳಿ ಒಂದು ಭಾನುವಾರ ಬಂದ. ಆಟ ಶುರುವಾಗಿ ಹತ್ತು ನಿಮಿಷಕ್ಕೆ, "ಸಾರ್, ನೀವು ಎಲ್ಲ ಕಾಯಿ ಮುಟ್ಟುತ್ತಿದ್ದೀರಿ, ಮುಟ್ಟಿದ್ದನ್ನು ಆಡಬೇಕಲ್ಲವೇ" ಎಂದು ತೆಲುಗಿನಲ್ಲಿ ಕೇಳಿದ. ಕಾಕಾ ತೆಲುಗಿನಲ್ಲೇ ಸಮಾಧಾನದಿಂದ ಹೇಳಿದರು: ನೀನು ಕಣ್ಣಲ್ಲಿ ನೋಡುವುದನ್ನು ನಾನು ಬೆರಳಲ್ಲಿ ನೋಡುತ್ತೇನೆ, ತೂತಿನಿಂದ ಕಿತ್ತರೆ ಮಾತ್ರ ಅದು ಮುಟ್ಟಿದ ಲೆಕ್ಕ, ನಮ್ಮ ಆಟದ ನಿಯಮವೇ ಹಾಗೆ. ಹುಡುಗ ಒಪ್ಪಿದ. ಆದರೆ ಆಗಲೇ ನವಾಬ ಎದ್ದು ಬಂದು ಅವನ ತೊಡೆ ಏರಿಬಿಟ್ಟ. ಹುಡುಗನಿಗೆ ಬೆಕ್ಕು ಕಂಡರೆ ಭಯ. ತಳ್ಳಲೂ ಆಗದೆ, ಕೂರಲೂ ಆಗದೆ ಏನೇನೋ ಆಡಿ ಬೇಗ ಸೋತು ಹೋದ. ಕಾಕಾ ಆ ಗೆಲುವನ್ನು ಗೆಲುವೆಂದು ಒಪ್ಪಲಿಲ್ಲ. ಮುಂದಿನ ಭಾನುವಾರ ನವಾಬನನ್ನು ಅಡುಗೆಮನೆಯಲ್ಲಿ ಕೂಡಿಹಾಕಿ ಹುಡುಗನನ್ನು ಮತ್ತೆ ಕರೆಸಿದರು. ಆ ಸಲ ಎಂಜಿನಿಯರ್ ಗೆದ್ದ. ಅವತ್ತು ಕಾಕಾ ಸಂಜೆಯವರೆಗೂ ಖುಷಿಯಾಗಿದ್ದರು. "ಛಲೋ ಆಡ್ತಾನ ಹುಡುಗ, ಭಾಳ ಛಲೋ ಆಡ್ತಾನ" ಎಂದು ಕಾಕುಗೆ ಮೂರು ಸಲ ಹೇಳಿದರು.

ನಾನು ಹೇಳಬೇಕೆಂದಿರುವುದು ಇದಾದ ಮುಂದಿನ ವರ್ಷದ ಸಂಗತಿ. ಇಷ್ಟು ವರ್ಷ ಇದನ್ನು ಅವ್ವ ಮತ್ತು ಕಾಕಾನ ಹೊರತು ಯಾರೊಡನೆಯೂ ಮಾತಾಡಿಲ್ಲ.

ಸೋಲಾಪುರದಲ್ಲಿ ಕಾಕುವಿನ ಅಕ್ಕ ಬಿದ್ದು ಕಾಲು ಮುರಿದುಕೊಂಡರು. ಗಂಡಹೆಂಡತಿ ಇಬ್ಬರೂ ಶುಕ್ರವಾರ ಹೊರಟರು. ಕಾಕು ಒಂದು ತಿಂಗಳು ಅಲ್ಲೇ ಉಳಿಯುವುದು, ಕಾಕಾ ಬುಧವಾರ ತಿರುಗಿ ಬರುವುದು ಎಂದಾಗಿತ್ತು. ಬೀಗದ ಕೈ ನನಗೆ ಕೊಟ್ಟರು. ಎರಡು ಹೊತ್ತು ಬೆಕ್ಕುಗಳಿಗೆ ಹಾಲು, ಅನ್ನ, ಸಿಕ್ಕರೆ ಸ್ವಲ್ಪ ಮೀನು. "ಅಡಗಿಮನಿ ಕಿಟಕಿ ತಗೀಬ್ಯಾಡ ತಂಗಿ," ಎಂದು ಕಾಕಾ ಹೇಳಿದ್ದರು. "ಅದರ ಜಾಳಗಿ ಹರಿದೈತಿ."

ಶನಿವಾರ ಸಂಜೆ ನಾನು ಹಾಲು ಕಾಯಿಸಲಿಟ್ಟು, ಅಪ್ಪನ ಹಲಗೆಯ ಮುಂದೆ ಕೂತು, ಹಿಂದಿನ ವಾರ ಸೋತ ಆಟವನ್ನು ಮತ್ತೆ ಜೋಡಿಸುತ್ತಿದ್ದೆ. ಹಾಲು ಉಕ್ಕಿ ಹೊತ್ತಿ ಮನೆಯೆಲ್ಲ ಹೊಗೆ ತುಂಬಿತು. ಓಡಿಹೋಗಿ ಕಿಟಕಿ ತೆಗೆದೆ. ಹೊಗೆ ಹೋಯಿತು, ಪಾತ್ರೆ ತಿಕ್ಕಿದೆ, ಬೀಗ ಹಾಕಿಕೊಂಡು ಮನೆಗೆ ಹೋದೆ. ಕಿಟಕಿ ಹಾಗೇ ಇತ್ತು.

ಮರುದಿನ ಬೆಳಿಗ್ಗೆ ಬಾಗಿಲು ತೆಗೆದಾಗ ಕೇಳಿಸಿದ್ದು ಒಂದೇ ಗೆಜ್ಜೆ, ನವಾಬನದು. ಹರಿದ ಜಾಳಿಗೆಯ ತಂತಿಗೆ ಸಿಕ್ಕಿಕೊಂಡು ಪ್ಯಾದಿಯ ಗೆಜ್ಜೆ ತುಂಡಾದ ದಾರದ ಸಮೇತ ನೇತಾಡುತ್ತಿತ್ತು.

ಎರಡು ದಿನ ಹುಡುಕಿದೆ. ಆದರೆ ಹೇಗೆ ಹುಡುಕಿದೆ? ಯಾರನ್ನೂ ಕೇಳದೆ. ಕ್ವಾರ್ಟರ್ಸಿನಲ್ಲಿ ಒಬ್ಬರಿಗೆ ಹೇಳಿದರೆ ಕಾಕಾ ರೈಲಿಳಿಯುವ ಮೊದಲೇ ಅವರಿಗೆ ತಿಳಿಯುತ್ತಿತ್ತು. ಸುಮ್ಮನೆ ತಿರುಗಾಡುವವಳಂತೆ ಬ್ಲಾಕುಗಳ ಹಿಂದೆ, ಪಾರ್ಕಿನ ಬೇಲಿಯ ಹತ್ತಿರ ತಿರುಗಾಡಿದೆ. ಮಂಗಳವಾರ ಸಂಜೆ ಡಿಸ್ಪೆನ್ಸರಿಯ ಹಿಂದೆ ಒಂದು ಬೆಕ್ಕು ಕಾಣಿಸಿತು. ಪ್ಯಾದಿಯಷ್ಟೇ ಗಾತ್ರ, ಪ್ಯಾದಿಯಂಥದೇ ಪಟ್ಟೆ. ಒಂದು ಕ್ಷಣ ಅದೇ ಎಂದುಕೊಂಡೆ. ಅದಲ್ಲ ಎಂದು ಗೊತ್ತಾದಾಗ ನಾನು ತಿರುಗಿ ಬರಬೇಕಿತ್ತು. ಬರಲಿಲ್ಲ. ಮೀನಿನ ತುಂಡು ತೋರಿಸಿ ಚೀಲದಲ್ಲಿ ಹಿಡಿದು ಕಾಕಾನ ಮನೆಗೆ ತಂದೆ. ಹೊಸ ದಾರ ಹಾಕಿ ಪ್ಯಾದಿಯ ಗೆಜ್ಜೆಯನ್ನು ಅದರ ಕೊರಳಿಗೆ ಕಟ್ಟಿದೆ.

ನಮ್ಮ ಮನೆಗೆ ಬಂದಾಗ ಅವ್ವ ಅಕ್ಕಿ ಆರಿಸುತ್ತ ಕೂತಿದ್ದಳು. ನಾನು ಮಾಡಿದ್ದನ್ನು ಹೇಳಿದೆ.

"ಇದ್ದದ್ದು ಇದ್ದಂಗ ಹೇಳಿಬಿಡು, ಮುಗೀತು," ಎಂದಳು.

"ಯಾಕ ಹೇಳಬೇಕು? ಅವರಿಗೇನು ಕಾಣತೈತಿ?"

ಅವ್ವನ ಕೈ ಮೊರದಲ್ಲಿ ನಿಂತಿತು. ಅವಳು ನನ್ನನ್ನು ಒಮ್ಮೆ ನೋಡಿ, ಮತ್ತೆ ಅಕ್ಕಿ ಆರಿಸತೊಡಗಿದಳು.

ಬುಧವಾರ ಬೆಳಿಗ್ಗೆ ಕಾಕಾ ಬಂದರು. ಚೀಲ ಇಳಿಸಿ, ಮುಖ ತೊಳೆದು, ನವಾಬನ ತಲೆ ಸವರಿ, "ಪ್ಯಾದೀ" ಎಂದು ಕರೆದರು. ಮಂಚದ ಕೆಳಗೆ ಗೆಜ್ಜೆ ಸದ್ದಾಯಿತು, ಬೆಕ್ಕು ಬರಲಿಲ್ಲ. ಅವರು ಮೊಣಕಾಲೂರಿ ಕೈ ಚಾಚಿ ಅದನ್ನು ಎತ್ತಿಕೊಂಡರು. ಅಂಗೈ ತಲೆಯಿಂದ ಶುರುವಾಗಿ ಬೆನ್ನಿನ ಮೇಲೆ ಹಾದು ಬಾಲದ ತುದಿಯವರೆಗೆ ಹೋಯಿತು. ಅಲ್ಲಿ ಸ್ವಲ್ಪ ನಿಂತಿತು.

"ಹೂಂ," ಎಂದರು. "ಹೊಟ್ಟಿ ಭಾಳ ಹಸದೈತಿ ಇದಕ್ಕ. ಹಾಲು ಹಾಕು."

ಅಷ್ಟೇ. ನಾನು ಗೆದ್ದೆ ಎಂದುಕೊಂಡೆ.

ಆ ಗೆಲುವಿನಲ್ಲಿ ನನಗೆ ಒಂದು ದಿನವೂ ನೆಮ್ಮದಿ ಇರಲಿಲ್ಲ. ಎಕ್ಸ್‌ಚೇಂಜಿನಲ್ಲಿ ಅವರು ಎಂದಿನಂತೆ ಇದ್ದರು, ಸ್ವಲ್ಪ ಮಾತು ಕಡಿಮೆ. ಅವ್ವ ದಿನಾ ಎರಡು ಜೋಳದ ರೊಟ್ಟಿ, ಪಲ್ಯ ಕಟ್ಟಿ ನನ್ನ ಕೈಯಲ್ಲಿ ಅವರಿಗೆ ಕಳಿಸುತ್ತಿದ್ದಳು. ಆ ಡಬ್ಬಿ ಕೊಡುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಸಂಜೆ ಆಟಕ್ಕೆ ಹೋದರೆ ಆ ಬೆಕ್ಕು ಕಾಕಾನ ತೊಡೆಯ ಮೇಲೆ ಕೂರುತ್ತಿರಲಿಲ್ಲ. ಸಿಕ್ಕಿದ್ದಕ್ಕೆಲ್ಲ ಹಾರುತ್ತಿತ್ತು, ಪರದೆ ಹತ್ತುತ್ತಿತ್ತು. ಕಾಕಾ "ಇದು ಹಾಲು ಕುಡೀತೇನು?", "ಇದನ್ನ ಕೆಳಗ ಇಳಿಸು" ಅನ್ನುತ್ತಿದ್ದರು. ಬಂದ ದಿನದ ಆ ಒಂದು ಕರೆ ಬಿಟ್ಟರೆ ಮತ್ತೆ ಪ್ಯಾದಿ ಎಂದು ಕರೆಯಲಿಲ್ಲ. ಅದನ್ನು ನಾನು ಗಮನಿಸಿದ್ದು ಎಲ್ಲ ಮುಗಿದ ಮೇಲೆ.

ಒಂಬತ್ತನೆಯ ಸಂಜೆ. ಆಟ ಅರ್ಧಕ್ಕೆ ಬಂದಿತ್ತು. ನನ್ನ ಮಂತ್ರಿ ಚೆನ್ನಾಗಿ ನಿಂತಿದ್ದ, ಅವರ ಆನೆ ಕಟ್ಟುಬಿದ್ದಿತ್ತು. ಆಗ ಆ ಬೆಕ್ಕು ಕಿಟಕಿಯಿಂದ ನೇರ ನನ್ನ ಹಲಗೆಯ ಮೇಲೆ ಜಿಗಿಯಿತು. ಅಪ್ಪನ ಕಾಯಿಗಳು ನೆಲದ ತುಂಬ ಉರುಳಿದವು. ಕಾಕಾನ ಹಲಗೆಯಲ್ಲಿ ಒಂದೂ ಅಲುಗಲಿಲ್ಲ, ಗೂಟಗಳಿದ್ದವಲ್ಲ.

"ತಡಿ," ಎಂದರು. "ಆರಿಸ್ಕೋ ಎಲ್ಲಾ. ನಾ ಒಂದೊಂದ ಹೇಳ್ತೀನಿ, ಇಡು."

ಬೆರಳಾಡಿಸುತ್ತ ಹೇಳತೊಡಗಿದರು. ಬಿಳಿ ರಾಜ ಇಲ್ಲಿ, ಅವನ ಮುಂದೆ ಪ್ಯಾದಿ, ಅದರ ಬಲಕ್ಕೆ ಒಂದು ಮನೆ ಬಿಟ್ಟು ಒಂಟೆ. ನಾನು ಇಡುತ್ತ ಹೋದೆ. ಎಲ್ಲ ಇಟ್ಟಾದ ಮೇಲೆ ಕೇಳಿದರು:

"ಎಲ್ಲಾ ತಮ್ಮ ತಮ್ಮ ಜಾಗಾದಾಗ ಬಂದುವಿಲ್ಲೋ? ಯಾವುದೂ ಅದಲಬದಲ ಆಗಿಲ್ಲಲ್ಲ?"

ಅವರು ಕೇಳಿದ್ದು ಕಾಯಿಗಳನ್ನೇ. ಇವತ್ತಿಗೂ ನಾನು ಹಾಗೇ ನಂಬಿದ್ದೇನೆ. ಆದರೆ ನನ್ನ ಕಣ್ಣು ಕಾಯಿಗಳನ್ನು ಬಿಟ್ಟು ಆ ಬೆಕ್ಕಿನ ಕಡೆ ಹೋಯಿತು.

"ತಂಗಿ?"

"ಕಾಕಾ, ಇದು ಪ್ಯಾದಿ ಅಲ್ಲರಿ."

ಅವರು ಹಲಗೆಯ ಮೇಲಿಂದ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಗೊತ್ತೈತಿ," ಎಂದರು. "ಪ್ಯಾದಿ ಬಾಲದ ತುದಿ ಮುರಿದೈತಿ, ಸಣ್ಣ ಮರಿ ಇದ್ದಾಗ ಬಾಗಿಲಿಗೆ ಸಿಕ್ಕಿತ್ತು. ಇದರ ಬಾಲ ನೆಟ್ಟಗೈತಿ."

ಒಂದು ವರ್ಷಕ್ಕೂ ಹೆಚ್ಚು ಕಾಲ ಎರಡು ಕಣ್ಣಿಂದ ನೋಡಿದ್ದ ನನಗೆ ಆ ಬಾಲ ಮುರಿದದ್ದು ಗೊತ್ತಿರಲಿಲ್ಲ.

"ಮತ್ತ ಯಾಕ ಸುಮ್ಮನಿದ್ರಿ?"

"ಸತ್ತಿರಬೇಕು ಅಂದುಕೊಂಡೆ. ಲಾರಿಗೋ, ನಾಯಿಗೋ ಸಿಕ್ಕಿರಬೇಕು. ಈ ಹುಡುಗಿಗೆ ಹೇಳಾಕ ಸಂಕಟ ಆಗೈತಿ, ಅದಕ್ಕ ಇನ್ನೊಂದು ತಂದಾಳ. ನಿಮ್ಮಪ್ಪ ಹೋಗಿ ಇನ್ನೂ ಎಷ್ಟು ದಿನ ಆಗ್ಯಾವ? ಮತ್ತೊಂದು ಸಾವಿನ ಮಾತು ನಿನ್ನ ಬಾಯಿಂದ ಹೊರಡಿಸೋದು ಬ್ಯಾಡ ಅಂತ ಬಿಟ್ಟೆ. ಎಲ್ಲಿ ಮಣ್ಣು ಮಾಡಿದಿ ಅಂತನೂ ಕೇಳಲಿಲ್ಲ."

ನಾನು ಅಳುತ್ತಲೇ, "ಸತ್ತಿಲ್ಲರಿ. ನಾನು ಕಿಟಕಿ ತೆಗೆದು ಮರೆತೆ. ಹೊರಗ ಹೋಗೈತಿ" ಎಂದೆ.

ಅವರ ಮುಖ ಬದಲಾದದ್ದನ್ನು ನಾನು ಮರೆಯಲಾರೆ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತೇಬಿಟ್ಟರು.

"ಹೊರಗ ಹೋಗೈತಿ? ಅಂದ್ರ ಜೀವ ಐತಿ?"

"ಗೊತ್ತಿಲ್ಲರಿ."

"ಯಾವತ್ತು ಹೋತು?"

"ಹೋದ ಶನಿವಾರದ ಹಿಂದಿನ ಶನಿವಾರ ರಾತ್ರಿ."

ಬೆರಳು ಮಡಿಸಿ ಎಣಿಸಿದರು. "ಹನ್ನೆರಡು ದಿನ," ಎಂದರು. ದನಿ ಏರಲಿಲ್ಲ. "ಹನ್ನೆರಡು ದಿನ ಅದನ್ನ ಯಾರೂ ಹುಡುಕಿಲ್ಲ. ನೀ ಸುಳ್ಳು ಹೇಳಿದಿ ಅಂತ ನನಗ ಸಿಟ್ಟಿಲ್ಲ ತಂಗಿ, ನಾನೂ ಎಷ್ಟೋ ಹೇಳೀನಿ. ಆದ್ರ ನೀ ನನ್ನಿಂದ ಮುಚ್ಚಿಟ್ಟದ್ದು ಆ ಬೆಕ್ಕಿಗೆ ತಟ್ಟಿತು ನೋಡು. ಅದು ಎಲ್ಲೋ ಕುಂತು ದಾರಿ ನೋಡಾಕತ್ತಿದ್ರ?"

ಅದಕ್ಕಿಂತ ದೊಡ್ಡ ಮಾತನ್ನು ಅವರು ನನಗೆ ಎಂದೂ ಆಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಮರುದಿನ ಶುಕ್ರವಾರ ಬೆಳಿಗ್ಗೆ ಎಂಟಕ್ಕೇ ಅವರು ಬೋರ್ಡಿನ ಮುಂದೆ ಕೂತಿದ್ದರು. ಮುಚ್ಚಳ ಬಿದ್ದ ಪ್ರತಿ ಲೈನಿಗೂ ಮೊದಲು ಕೇಳಿದ ನಂಬರು ಕೊಡುವುದು, ಆಮೇಲೆ ಒಂದು ಪ್ರಶ್ನೆ. "ಏಮಂಡಿ, ಒಕ ಪಿಲ್ಲಿ ಕನಬಡಿಂದಾ?" ಒಂದು ಬೆಕ್ಕು ಕಾಣಿಸಿತೇ ಎಂದು. ಬೂದಿಬಣ್ಣ, ಕಪ್ಪು ಪಟ್ಟೆ, ಬಾಲದ ತುದಿ ಡೊಂಕು. ತೆಲುಗಿನವರಿಗೆ ತೆಲುಗು, ಹಳೇ ಹೈದರಾಬಾದಿನವರಿಗೆ ಉರ್ದು, ನಮ್ಮವರಿಗೆ ಕನ್ನಡ. ದೆಹಲಿಯ ಟ್ರಂಕ್ ಕಾಲಿಗೆ ಕಾಯುತ್ತಿದ್ದ ಪ್ರೊಡಕ್ಷನ್ ಮ್ಯಾನೇಜರಿಗೂ ಕೇಳಿದರು. ನಾನು ಪಕ್ಕದಲ್ಲಿ ಕೂತು ನನ್ನ ಪಾಲಿನ ಲೈನುಗಳಿಗೆ ಅದೇ ಕೇಳಿದೆ. ನಾನು ಎರಡು ದಿನ ಗುಟ್ಟಾಗಿ ಬೇಲಿ ಸುತ್ತಿ ಮಾಡಲಾಗದ ಕೆಲಸ ಒಂದು ಬೆಳಗಿನಲ್ಲಿ ನಡೆಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕಾರ್ಖಾನೆಯಲ್ಲಿ ಎರಡು ಸಾವಿರ ಜನಕ್ಕೆ ಪ್ಯಾದಿಯ ಬಾಲದ ವಿಷಯ ಗೊತ್ತಾಗಿತ್ತು. ಜನರಲ್ ಮ್ಯಾನೇಜರು ತಾವೇ ಫೋನೆತ್ತಿ, "ಇಲ್ಲಿ ಯಾವ ಬೆಕ್ಕೂ ಬಂದಿಲ್ಲ, ಸಿಕ್ಕರೆ ನನಗೂ ತಿಳಿಸಿ" ಎಂದರು.

ಶನಿವಾರ ಮಧ್ಯಾಹ್ನ ಕ್ವಾರ್ಟರ್ಸಿನ ಸಹಕಾರಿ ಅಂಗಡಿಯ ಲೈನಿನ ಮುಚ್ಚಳ ಬಿತ್ತು. ಅಲ್ಲಿನ ಗೋಡೌನ್ ನೋಡಿಕೊಳ್ಳುವವನು ಹಿಂಜರಿಯುತ್ತಾ ಹೇಳಿದ: ಒಂದು ಬೆಕ್ಕು ಇದೆ, ಎರಡು ವಾರದಿಂದ ಅಕ್ಕಿ ಮೂಟೆಗಳ ನಡುವೆ ಇದೆ, ಆದರೆ ಅದು ಈಗ ಅಂಗಡಿಯ ಬೆಕ್ಕು. ಅದು ಬಂದ ಮೇಲೆ ಇಲಿಯ ಕಾಟ ನಿಂತಿದೆ, ಕೊಡುವುದಿಲ್ಲ.

ಡ್ಯೂಟಿ ಮುಗಿಸಿ ಇಬ್ಬರೂ ಹೋದೆವು. ಕಾಕಾ ನನ್ನ ಭುಜ ಹಿಡಿದು ಅಷ್ಟು ಬಿರಬಿರನೆ ನಡೆದದ್ದನ್ನು ನಾನು ಕಂಡೇ ಇರಲಿಲ್ಲ. ಗೋಡೌನಿನ ಬಾಗಿಲಲ್ಲಿ ನಿಂತು, "ಪ್ಯಾದೀ" ಎಂದು ಒಂದೇ ಸಲ ಕರೆದರು. ಮೂಟೆಗಳ ಮೇಲಿಂದ ಒಂದು ಬೆಕ್ಕು ಇಳಿದು ಬಂತು. ಬಡಕಲಾಗಿತ್ತು, ಎಡಗಿವಿ ಹರಿದು ಗಾಯ ಒಣಗಿತ್ತು. ಅದು ಅವರ ಕಾಲ ಹತ್ತಿರ ಬಂದು ಚಪ್ಪಲಿಗೆ ಓರೆಯಾಗಿ ಒಂದು ಏಟು ಕೊಟ್ಟಿತು. ಕಾಕಾ ಬಗ್ಗಿ ಎತ್ತಿಕೊಂಡು ಅದರ ಕಿವಿಯನ್ನು ಬೆರಳಲ್ಲಿ ನೋಡಿದರು. ಗೋಡೌನಿನವನು ಆಮೇಲೆ ಏನೂ ವಾದಿಸಲಿಲ್ಲ.

ದಾರಿಯಲ್ಲಿ ನಾನು, "ಆ ಬೆಕ್ಕನ್ನ ಏನು ಮಾಡೋದ್ರಿ? ಡಿಸ್ಪೆನ್ಸರಿ ಹಿಂದ ಬಿಟ್ಟು ಬರ್ಲೇನು?" ಎಂದೆ.

"ಅದು ಏನು ತಪ್ಪು ಮಾಡೈತಿ?" ಎಂದರು. "ಅದು ತಾನಾಗೇ ಬಂದದ್ದಲ್ಲ, ನೀ ತಂದದ್ದು. ನಿಮ್ಮ ಮನಿಗೆ ಕರಕೊಂಡು ಹೋಗು. ಹೆಸರಿಡು."

ಕಾರ್ಖಾನೆಯಲ್ಲಿ ರಜೆ ಹಾಕಿದವರ ಜಾಗಕ್ಕೆ ಬರುವ ದಿನಗೂಲಿಯವರನ್ನು ಬದ್ಲಿ ಎನ್ನುತ್ತಿದ್ದರು. ಅವ್ವ ಅದಕ್ಕೆ ಬದ್ಲಿ ಎಂದೇ ಹೆಸರಿಟ್ಟಳು. ಹನ್ನೊಂದು ವರ್ಷ ನಮ್ಮ ಮನೆಯಲ್ಲಿತ್ತು. ಅಪ್ಪ ಹೋದ ಮೇಲೆ ಅವ್ವ ಜೋರಾಗಿ ನಕ್ಕಿದ್ದನ್ನು ನಾನು ಮೊದಲು ಕೇಳಿದ್ದು ಆ ಬೆಕ್ಕು ರೊಟ್ಟಿ ಕದ್ದು ಓಡಿದ ದಿನ.

ಅರ್ಧಕ್ಕೆ ನಿಂತಿದ್ದ ಆ ಆಟವನ್ನು ಮರುದಿನ ಭಾನುವಾರ ಮುಗಿಸಿದೆವು. ನಾನು ಸೋತೆ. ಅವರು ಎಂದಾದರೂ ನನಗೆ ಬೇಕೆಂದೇ ಸೋತು ಕೊಟ್ಟವರಲ್ಲ, ಅವತ್ತೂ ಕೊಡಲಿಲ್ಲ. ಮುಗಿದ ಮೇಲೆ, "ಕಾಲೇಜಿನ ಪುಸ್ತಕ ಎಲ್ಲಿ ಇಟ್ಟೀದಿ?" ಎಂದು ಕೇಳಿದರು. ಸಂಜೆ ಕಾಲೇಜಿನ ಬಗ್ಗೆ ಯಾರೋ ಅವರಿಗೆ ಫೋನಿನಲ್ಲಿ ಹೇಳಿದ್ದರಂತೆ. ನನಗಾಗಿ ಬೆಳಗಿನ ಪಾಳಿಯನ್ನು ಕೇಳಿ ಪಡೆದುಕೊಟ್ಟವರು ಅವರು. ಅಮೀರ್‌ಪೇಟೆಯಲ್ಲಿ ಬಸ್ಸು ಬದಲಿಸಿ ಮೂರು ವರ್ಷ ಹೋದೆ. ಆಮೇಲೆ ಇಲಾಖೆಯ ಪರೀಕ್ಷೆ ಬರೆದು ಪರ್ಸನಲ್, ಅಂದರೆ ಸಿಬ್ಬಂದಿ ವಿಭಾಗಕ್ಕೆ ಹೋದೆ. ಕಾಕಾನ ಪಕ್ಕದ ಕುರ್ಚಿ ಖಾಲಿಯಾಯಿತು. ಕೆಲವು ವರ್ಷಗಳಲ್ಲಿ ಹೊಸ ಯಂತ್ರ ಬಂದು ಆ ಬೋರ್ಡೇ ಹೋಯಿತು. ಅವರು ನಿವೃತ್ತರಾಗಿ ಕೂಕಟ್‌ಪಲ್ಲಿಯ ಒಂದು ಬಾಡಿಗೆ ಮನೆಗೆ ಹೋದರು. ನವಾಬ, ಪ್ಯಾದಿ ಎರಡೂ ಆ ಹೊತ್ತಿಗೆ ಇರಲಿಲ್ಲ. ಪ್ಯಾದಿಯ ಮೊಮ್ಮಗಳೊಂದು ಇತ್ತು.

ಪರ್ಸನಲ್ ವಿಭಾಗದಲ್ಲಿ ನನ್ನ ಕೈಯಿಂದ ಒಂದು ದೊಡ್ಡ ತಪ್ಪು ನಡೆಯಿತು. ಕೆಲಸದಲ್ಲಿದ್ದಾಗಲೇ ತೀರಿಕೊಂಡ ಒಬ್ಬ ಫಿಟ್ಟರನ ಮಗಳು ಅನುಕಂಪದ ಕೆಲಸಕ್ಕೆ ಹಾಕಿದ್ದ ಅರ್ಜಿಯನ್ನು ನಾನು ಬೇರೆ ಫೈಲಿನಲ್ಲಿ ಸೇರಿಸಿಬಿಟ್ಟಿದ್ದೆ. ಕಣ್ಣಿಗೆ ಬಿದ್ದಾಗ ಅದು ಮುಖ್ಯ ಕಚೇರಿ ತಲುಪಬೇಕಾದ ಗಡುವಿಗೆ ಎರಡೇ ದಿನ ಉಳಿದಿತ್ತು. ಸುಮ್ಮನೆ ಅಂಚೆಗೆ ಹಾಕಿದ್ದರೆ ತಡವಾಗಿ ಸೇರಿ ತಿರಸ್ಕಾರವಾಗುತ್ತಿತ್ತು. ತಪ್ಪು ಯಾರದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಅದೇ ಗಳಿಗೆಯಲ್ಲಿ ಎದ್ದು ಅಧಿಕಾರಿಯ ಕೋಣೆಗೆ ಹೋಗಿ ಹೇಳಿದೆ. ಅವರು ಕೂಗಾಡಿದರು. ಆಮೇಲೆ ಅರ್ಜಿಯನ್ನು ಒಬ್ಬರ ಕೈಯಲ್ಲಿ ಅವತ್ತಿನ ರೈಲಿಗೇ ಕಳಿಸಿದರು. ನನಗೆ ಮೆಮೊ ಬಂತು, ಬಡ್ತಿ ಒಂದು ವರ್ಷ ಮುಂದಕ್ಕೆ ಹೋಯಿತು. ಸಂಜೆ ಕಾಕಾಗೆ ಫೋನ್ ಮಾಡಿ ಹೇಳಿದೆ.

"ಮೆಮೊ ಬಂದ್ರ ಬರಲಿ," ಎಂದರು. "ಆ ಹುಡುಗಿ ಅರ್ಜಿ ಹೋತಿಲ್ಲೋ?"

"ಹೋತರಿ."

"ಮತ್ತೇನು. ಊಟ ಮಾಡಿ ಮಲಕೋ."

ಆ ಹುಡುಗಿಗೆ ಕೆಲಸ ಸಿಕ್ಕಿತು. ಈಗಲೂ ದಾರಿಯಲ್ಲಿ ಕಂಡರೆ ನಮಸ್ಕಾರ ಮಾಡುತ್ತಾಳೆ. ಅವಳಿಗೆ ಇದೆಲ್ಲ ಗೊತ್ತಿಲ್ಲ.

ಕಾಕಾ ಹೋದದ್ದು ಅದರ ಮುಂದಿನ ವರ್ಷ, ಒಂದು ಮಧ್ಯಾಹ್ನ, ಊಟ ಮುಗಿಸಿ ಆರಾಮ ಕುರ್ಚಿಯಲ್ಲಿ ಮಲಗಿದಾಗ. ನಾನು ತಲುಪಿದಾಗ ಕಾಕು ಗೋಡೆಗೊರಗಿ ಕೂತಿದ್ದರು. "ಯಾರ್ಯಾರಿಗೆ ಹೇಳಬೇಕೋ ಏನೋ," ಎಂದರು. "ಒಂದು ನಂಬರೂ ಬರೆದಿಟ್ಟಿಲ್ಲ ನೋಡು. ಎಲ್ಲಾ ಅವರ ತಲ್ಯಾಗ ಇದ್ದುವು."

ಅವುಗಳಲ್ಲಿ ಎಷ್ಟೋ ನನ್ನ ತಲೆಯಲ್ಲೂ ಇದ್ದವು. ಫೋನಿನ ಮುಂದೆ ಕೂತು ಒಂದೊಂದಾಗಿ ಮಾಡತೊಡಗಿದೆ. ಪ್ರತಿಯೊಬ್ಬರೂ ಸುದ್ದಿ ಕೇಳಿ, ಎಷ್ಟು ಹೊತ್ತಿಗೆ, ಎಲ್ಲಿ ಎಂದು ಕೇಳುತ್ತಿದ್ದರು. ಫೌಂಡ್ರಿಯಲ್ಲಿ ಫೋರ್‌ಮನ್ ಆಗಿದ್ದ ಒಬ್ಬ ಮುದುಕರು, ನಿವೃತ್ತರಾಗಿ ರಾಜಮಂಡ್ರಿಯಲ್ಲಿದ್ದವರು, ಅದೊಂದನ್ನೂ ಕೇಳಲಿಲ್ಲ. ತೆಲುಗಿನಲ್ಲಿ ಮೆಲ್ಲಗೆ ಬೇರೊಂದು ಕೇಳಿದರು:

"ಇಪ್ಪತ್ತೆರಡು ವರ್ಷ ದಿನಾ ಬೆಳಿಗ್ಗೆ ಅವರ ಜೊತೆ ಮಾತಾಡಿದ್ದೇನಮ್ಮಾ. ಒಂದು ಸಲವೂ ನೋಡಲಿಲ್ಲ. ಮನುಷ್ಯ ಹೇಗಿದ್ದರು, ಸ್ವಲ್ಪ ಹೇಳುತ್ತೀಯಾ?"

ಇನ್ನೂ ಎಷ್ಟೋ ಜನಕ್ಕೆ ಫೋನ್ ಮಾಡುವುದಿತ್ತು. ನಾನು ಕುರ್ಚಿಯನ್ನು ಹತ್ತಿರ ಎಳೆದುಕೊಂಡು, ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿ, ಹೇಳಲು ಶುರುಮಾಡಿದೆ.